ಬೆಲೆಗಳು ಏರಿದಾಗ ಜೀವ ವಿಮೆಯನ್ನು ಮತ್ತೆ ಪರಿಶೀಲಿಸಬೇಕೇ?

ಹೌದು, ಪರಿಶೀಲಿಸಲೇಬೇಕು. ವಿಮಾ ಮೊತ್ತ ಸಾಮಾನ್ಯವಾಗಿ ಪಾಲಿಸಿಯಲ್ಲಿ ಬರೆದಷ್ಟೇ ಇರುತ್ತದೆ, ಮನೆಖರ್ಚು ಬೆಳೆಯುತ್ತಲೇ ಹೋಗುತ್ತದೆ. ಹಣದುಬ್ಬರ ವರ್ಷಕ್ಕೆ ಶೇ. 6 ಇದ್ದರೆ ಸುಮಾರು 12 ವರ್ಷದಲ್ಲಿ ಖರ್ಚು ಇಮ್ಮಡಿಯಾಗುತ್ತದೆ; ಅಂದು ಸಾಕೆನಿಸಿದ ಮೊತ್ತ ಈಗ ಅರ್ಧ ಕಾಲಕ್ಕಷ್ಟೇ ಬಂದೀತು.

ಇಂದಿನ ವಾರ್ಷಿಕ ಮನೆಖರ್ಚನ್ನು ಅವಲಂಬಿತರಿಗೆ ಆಸರೆ ಬೇಕಾದ ವರ್ಷಗಳಿಂದ ಗುಣಿಸಿ, ಬಾಕಿ ಸಾಲವನ್ನೂ ಮಕ್ಕಳ ಓದಿನ ವೆಚ್ಚವನ್ನೂ ಕೂಡಿಸಿ, ಉಳಿತಾಯ ಕಳೆಯಿರಿ. ವಿಮೆ ಅದಕ್ಕಿಂತ ಕಡಿಮೆಯಿದ್ದರೆ ಆ ಅಂತರಕ್ಕಷ್ಟೇ ಟರ್ಮ್ ಪಾಲಿಸಿ (ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವಂಥದ್ದು) ಸಾಕು. ಹೊಸದು ಜಾರಿಗೆ ಬರುವವರೆಗೆ ಹಳೆಯದನ್ನು ದಯವಿಟ್ಟು ನಿಲ್ಲಿಸಬೇಡಿ: ಆರೋಗ್ಯದ ಕಾರಣಕ್ಕೆ ಅರ್ಜಿ ತಿರಸ್ಕೃತವಾದರೆ ಕುಟುಂಬಕ್ಕೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ನಾಮಿನಿ ಹೆಸರನ್ನೂ ಆಗಲೇ ನೋಡಿಕೊಳ್ಳಿ.