ಸ್ಪೋರ್ಟ್ಸ್ ಬಟ್ಟೆಯ ಪ್ರಾಡಕ್ಟ್ ಮ್ಯಾನೇಜರ್ ಆಗಬೇಕಾ? ಮೊದಲು ಒಗೆದು ನೋಡಿ

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷದಿಂದ ಮರ್ಚಂಡೈಸರ್ (ಬೈಯರ್ ಕೊಟ್ಟ ಆರ್ಡರನ್ನು ಫ್ಯಾಕ್ಟರಿಯಲ್ಲಿ ಮಾಡಿಸುವವನು) ಆಗಿದ್ದೇನೆ. ಸ್ಪೋರ್ಟ್ಸ್ ಬಟ್ಟೆ ಮಾಡುವ ಬ್ರ್ಯಾಂಡ್‌ನಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗುವ ಆಸೆ. ಫ್ಯಾಷನ್ ಡಿಸೈನ್ ಓದಿಲ್ಲ, ಎಂಬಿಎ ಮಾಡಿಲ್ಲ. ಸಾಫ್ಟ್‌ವೇರ್‌ನಲ್ಲಿರುವ ಗೆಳೆಯನೂ ತಾನು ಪ್ರಾಡಕ್ಟ್ ಮ್ಯಾನೇಜರ್ ಅಂತಾನೆ. ಎರಡೂ ಒಂದೇ ಕೆಲಸಾನಾ? ನನಗೆ ಸಿಗಬಹುದಾ?

ಉತ್ತರ: ಹೆಸರು ಒಂದೇ, ಕೆಲಸ ಬೇರೆ. ನಿಮ್ಮ ಗೆಳೆಯ ತಪ್ಪು ಮಾಡಿದರೆ ಮುಂದಿನ ವಾರ ತಿದ್ದಬಹುದು. ಕತ್ತರಿಸಿದ ಬಟ್ಟೆಯನ್ನು ತಿದ್ದುವುದು ಹೇಗೆ? ಅಂಗಡಿಗೆ ಮಾಲು ಬರುವ 12ರಿಂದ 18 ತಿಂಗಳ ಮುಂಚೆಯೇ ಯಾವ ಆಟಕ್ಕೆ, ಎಷ್ಟು ಸ್ಟೈಲ್, ಎಷ್ಟು ಬಣ್ಣ, ಯಾವ ಬೆಲೆಗೆ ಅಂತ ಕೂತು ಬರೆಯಬೇಕು. ಅದೇ ಲೈನ್ ಪ್ಲಾನ್. ಅಲ್ಲಿಂದ ಡಿಸೈನರ್‌ಗೆ ಬ್ರೀಫ್ (ಏನು ಬೇಕು ಅನ್ನುವ ವಿವರ), ಟೆಕ್ ಪ್ಯಾಕ್ (ಫ್ಯಾಕ್ಟರಿಗೆ ಕೊಡುವ ಅಳತೆ, ಹೊಲಿಗೆಯ ವಿವರ), ಪ್ರೋಟೋ ಸ್ಯಾಂಪಲ್ (ಮೊದಲ ಮಾದರಿ), ಫಿಟ್ ಸ್ಯಾಂಪಲ್, ಸೇಲ್ಸ್‌ನವರ ಸ್ಯಾಂಪಲ್, ಎಷ್ಟು ಪೀಸ್ ಆರ್ಡರ್ ಅನ್ನುವ ಲೆಕ್ಕ, ಮಾರಾಟ ಶುರುವಾದ ಮೇಲೆ ಯಾವ ಸೈಜ್ ಖಾಲಿಯಾಯಿತು, ಯಾವುದು ಕದಲದೆ ಕೂತಿದೆ ಅನ್ನುವ ಲೆಕ್ಕ. ಇಷ್ಟಕ್ಕೂ ಹೊಣೆ ನಿಮ್ಮದೇ.

ಡಿಗ್ರಿ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಬ್ ಡಿಪ್ (ಬಣ್ಣ ಹಾಕಿ ಕಳಿಸುವ ಮಾದರಿ ತುಂಡು) ಒಪ್ಪಿಗೆಗೆ ಎಷ್ಟು ಓಡಾಟ, ನೂಲು ಬರುವುದು ತಡವಾದರೆ ಏನೇನು ಕೈ ಕೊಡುತ್ತದೆ ಅನ್ನುವುದು ನಿಮಗೆ ಈಗಾಗಲೇ ಗೊತ್ತು. ಬೇರೆಯವರು ಇದನ್ನು ಕಲಿಯುವಷ್ಟರಲ್ಲಿ ಎರಡು ಸೀಸನ್ ಕಳೆದಿರುತ್ತದೆ. ನೀವು ಕಲಿಯಬೇಕಾದ್ದು ಒಂದೇ. ಇಷ್ಟು ದಿನ ಬೈಯರ್ ಕೇಳಿದ್ದನ್ನು ಹೇಗೆ ಮಾಡಿಕೊಡಲಿ ಅಂತ ಯೋಚಿಸಿದಿರಿ, ಇನ್ನು ಇದನ್ನು ಮಾಡಲೇಬೇಕಾ, ಯಾರಿಗೆ ಬೇಕು ಅಂತ ಕೇಳಬೇಕು.

ಅದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ, ದಯವಿಟ್ಟು ಮಾಡಿ. ಒಂದು ಓಟದ ಟೀ ಶರ್ಟ್ ತೆಗೆದುಕೊಳ್ಳಿ. ಎದೆ, ಉದ್ದ, ತೂಕ ಅಳೆದು ಬರೆದಿಡಿ. ಹಾಕಿಕೊಂಡು ಓಡಿ, ಒಗೆಯಿರಿ. ಹೀಗೇ 20 ಸಲ. ಪ್ರತಿ ಐದನೇ ಒಗೆತಕ್ಕೆ ಮತ್ತೆ ಅಳೆಯಿರಿ. ಕಂಕುಳ ಹತ್ತಿರ ಬಟ್ಟೆ ಎಲ್ಲಿ ಉಂಡೆ ಕಟ್ಟಿತು, ಕುತ್ತಿಗೆಯ ಪಟ್ಟಿ ಎಲ್ಲಿ ಜೋತುಬಿತ್ತು, ಯಾವ ಹೊಲಿಗೆ ಚರ್ಮಕ್ಕೆ ಉಜ್ಜಿತು, ಒಣಗಿದ ಮೇಲೂ ವಾಸನೆ ಎಲ್ಲಿ ಉಳಿಯಿತು ಅಂತ ನೋಡಿ. ಹತ್ತಿ ಸಾಧಾರಣ ಗಾಳಿಯಲ್ಲೇ ತನ್ನ ತೂಕದ ಶೇ 8.5ರಷ್ಟು ತೇವ ಹಿಡಿಯುತ್ತದೆ, ಪಾಲಿಯೆಸ್ಟರ್ ಬರೀ ಶೇ 0.4. ಅದಕ್ಕೇ ಪಾಲಿಯೆಸ್ಟರ್‌ನಲ್ಲಿ ಬೆವರು ಎಳೆಯೊಳಗೆ ಇಳಿಯದೆ ಮೇಲೇ ಹರಡಿ ಬೇಗ ಒಣಗುತ್ತದೆ. ಆದರೆ ಮೈಯ ಎಣ್ಣೆಯಂಶವನ್ನು ಅದು ಬಿಡುವುದಿಲ್ಲ, ವಾಸನೆ ಅಲ್ಲಿಂದಲೇ. ಈ ಮಾತು ಓದಿ ಗೊತ್ತಿರುವುದಕ್ಕೂ ಇಪ್ಪತ್ತನೇ ಒಗೆತದ ನಂತರ ಮೂಗಿಗೆ ಗೊತ್ತಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಅದೇ ಟೀ ಶರ್ಟ್‌ಗೆ ನೀವೇ ಬ್ರೀಫ್ ಬರೆಯಿರಿ. 'ಹಗುರವಾಗಿರಬೇಕು, ಗಾಳಿ ಆಡಬೇಕು' ಅಂತ ಸುಮ್ನೆ ಬರೆದರೆ ಡಿಸೈನರ್‌ಗೆ ಏನೂ ಸಿಗುವುದಿಲ್ಲ. ಬಿಸಿಲಲ್ಲಿ ಒಂದು ಗಂಟೆಗೂ ಜಾಸ್ತಿ ಓಡುವವರಿಗೆ, 130 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಒಳಗೆ, ಕಂಕುಳ ಕೆಳಗೆ ಹೊಲಿಗೆ ಬೇಡ, ಕುತ್ತಿಗೆಗೆ ಲೇಬಲ್ ಬದಲು ಪ್ರಿಂಟ್, ಬೆವರಿನ ಕಲೆ ಎದ್ದು ಕಾಣುವ ತಿಳಿ ಬೂದು ಬಣ್ಣ ಬೇಡ. ಹೀಗೆ ಬರೆಯಿರಿ. ಸಂದರ್ಶನಕ್ಕೆ ಹೋಗುವಾಗ ಆ ಹಳೇ ಟೀ ಶರ್ಟ್, ಅಳತೆಯ ಹಾಳೆ, ಬ್ರೀಫ್ ಮೂರನ್ನೂ ಒಯ್ಯಿರಿ. ನಾನು ಆ ಕಡೆ ಕೂತಿದ್ದರೆ ಬೇರೇನೂ ಕೇಳುವುದಿಲ್ಲ.

ಪ್ರಶ್ನೆ: ನಾನು ಅಸಿಸ್ಟೆಂಟ್ ಪ್ರಾಡಕ್ಟ್ ಮ್ಯಾನೇಜರ್. ನಮ್ಮ ಲೆಗಿಂಗ್ಸ್ ಖರ್ಚು ಇಳಿಸಲೇಬೇಕು ಅಂತ ಮೇಲಿನಿಂದ ಒತ್ತಡ. ಎಲಾಸ್ಟೇನ್ (ಹಿಗ್ಗುವ ನೂಲು) ಶೇ 22ರಿಂದ 14ಕ್ಕೆ, ಜಿಎಸ್‌ಎಂ 260ರಿಂದ 220ಕ್ಕೆ ಇಳಿಸಿ, ಕೈಗೆ ವ್ಯತ್ಯಾಸ ಗೊತ್ತಾಗಲ್ಲ ಅಂತ ಸಪ್ಲೈಯರ್ ಹೇಳ್ತಿದ್ದಾರೆ. ಡಿಸೈನರ್ ಒಪ್ಪುತ್ತಿಲ್ಲ. ಮಧ್ಯೆ ಸಿಕ್ಕಿಕೊಂಡಿದ್ದೇನೆ.

ಉತ್ತರ: ಕೈಗೆ ಗೊತ್ತಾಗುವುದಿಲ್ಲ, ನಿಜ. ಮೊಣಕಾಲಿಗೆ ಗೊತ್ತಾಗುತ್ತದೆ. ಹಿಗ್ಗಿದ ಬಟ್ಟೆಯನ್ನು ವಾಪಸ್ ಎಳೆದು ತರುವುದೇ ಎಲಾಸ್ಟೇನ್ ಕೆಲಸ. ಅದು ಕಡಿಮೆಯಾದರೆ ಕೆಲವೇ ಒಗೆತಕ್ಕೆ ಮೊಣಕಾಲಲ್ಲಿ ಚೀಲದಂತೆ ಉಬ್ಬಿಕೊಳ್ಳಬಹುದು. ತೂಕ ಇಳಿದರೆ ಇನ್ನೊಂದು ಅಪಾಯ, ಬಾಗಿದಾಗ ಒಳಗಿನದು ಕಾಣುವುದು. 2013ರ ಮಾರ್ಚ್‌ನಲ್ಲಿ ಯೋಗದ ಬಟ್ಟೆ ಮಾಡುವ ಲುಲುಲೆಮನ್ ಕಂಪನಿ ಇದೇ ಕಾರಣಕ್ಕೆ ತನ್ನ ಕಪ್ಪು ಪ್ಯಾಂಟ್‌ಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿತು. ಅಂಗಡಿಗಳಲ್ಲಿದ್ದ ಮಹಿಳೆಯರ ಪ್ಯಾಂಟ್‌ಗಳಲ್ಲಿ ಸುಮಾರು ಶೇ 17 ಅವೇ ಆಗಿದ್ದವು.

ಮೀಟಿಂಗ್‌ನಲ್ಲಿ ವಾದ ಮಾಡಬೇಡಿ. ಎರಡೂ ಬಟ್ಟೆಯಲ್ಲಿ ಸ್ಯಾಂಪಲ್ ಹೊಲಿಸಿ. ಮೀಡಿಯಂ ಒಂದೇ ಸಾಲದು, ಅತಿ ಚಿಕ್ಕದರಿಂದ ಅತಿ ದೊಡ್ಡದರವರೆಗೆ ಪೂರ್ತಿ ಸೈಜ್ ಸೆಟ್ ಬೇಕು. ಆಯಾ ಸೈಜಿನವರಿಗೇ ತೊಡಿಸಿ, ಒಳಗೆ ಬಿಳಿ ಬಣ್ಣದ್ದು ಹಾಕಿಕೊಳ್ಳಲು ಹೇಳಿ, ಜೋರು ಬೆಳಕಿನ ಕೆಳಗೆ ಪೂರ್ತಿ ಕುಕ್ಕರುಗಾಲಲ್ಲಿ ಕೂರಿಸಿ. ಅವರು ಒಪ್ಪಿದರೆ ಫೋಟೋ ತೆಗೆಯಿರಿ. ಹತ್ತು ಸಲ ಒಗೆದು ಮತ್ತೆ ಅದೇ ಮಾಡಿ. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ನೀವು ಮಾತಾಡುವುದೇ ಬೇಡ.

ಆದರೆ ಖರ್ಚು ಇಳಿಸಬೇಕು ಅನ್ನುವುದೂ ನ್ಯಾಯವೇ, ಅಲ್ವಾ? ಬಟ್ಟೆ ಬಿಟ್ಟು ಬೇರೆ ಕಡೆ ಕೈ ಹಾಕಿ. ಎಂಟು ಬಣ್ಣ ಇದ್ದರೆ ಐದು ಮಾಡಿ. ಪ್ರತಿ ಬಣ್ಣಕ್ಕೂ ಬಣ್ಣ ಹಾಕುವವರು ಇಂತಿಷ್ಟು ಬಟ್ಟೆ ಅಂತ ಕನಿಷ್ಠ ಮಿತಿ ಇಟ್ಟಿರುತ್ತಾರೆ, ಹೆಚ್ಚು ಮಾರಾಟವಾಗದ ಬಣ್ಣಕ್ಕೂ ಅಷ್ಟು ಬಟ್ಟೆ ಕೊಳ್ಳಲೇಬೇಕಾಗುತ್ತದೆ. ಅದೇ ಬಟ್ಟೆಯಲ್ಲಿ ಶಾರ್ಟ್ಸ್ ಕೂಡ ಮಾಡಿದರೆ ಆರ್ಡರ್ ದೊಡ್ಡದಾಗಿ ದರ ಇಳಿಯುತ್ತದೆ. ಸೊಂಟದ ಪಟ್ಟಿಯ ತುಂಡನ್ನು ಸ್ವಲ್ಪ ಬದಲಿಸಿದರೆ ಕತ್ತರಿಸುವಾಗ ವೇಸ್ಟ್ ಕಡಿಮೆಯಾಗುತ್ತದಾ ಅಂತ ಪ್ಯಾಟರ್ನ್ ಮಾಸ್ಟರ್ ಹತ್ತಿರ ಕೇಳಿ. ಅವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿರುವುದಿಲ್ಲ. ಇನ್ನು, ನಾವು ತಡವಾಗಿ ಒಪ್ಪಿಗೆ ಕೊಟ್ಟಿದ್ದಕ್ಕೆ ಹಡಗಿನಲ್ಲಿ ಬರಬೇಕಾದ ಮಾಲು ವಿಮಾನದಲ್ಲಿ ಬಂತಾ ಅಂತ ಹಿಂದಿನ ಸೀಸನ್ನಿನ ಲೆಕ್ಕ ತೆಗೆದು ನೋಡಿ. ಎಷ್ಟೋ ಸಲ ಎಲಾಸ್ಟೇನ್‌ನಲ್ಲಿ ಉಳಿಸಲು ಹೊರಟ ದುಡ್ಡಿಗಿಂತ ಜಾಸ್ತಿ ಅಲ್ಲೇ ಹೋಗಿರುತ್ತದೆ.

ಪ್ರಶ್ನೆ: ನಾನು ಯಾವ ಆಟವನ್ನೂ ಆಡಿದವನಲ್ಲ. ಈ ಕೆಲಸಕ್ಕೆ ಆಗುತ್ತೇನಾ?

ಉತ್ತರ: ಆಗುತ್ತೀರಿ. ಆಡುವವರು ಬಟ್ಟೆಯನ್ನು ಯಾವಾಗ ಎಳೆದುಕೊಳ್ಳುತ್ತಾರೆ, ಎಲ್ಲಿ ಕೆರೆದುಕೊಳ್ಳುತ್ತಾರೆ ಅಂತ ಮೈದಾನದ ಅಂಚಿನಲ್ಲಿ ಎರಡು ಗಂಟೆ ನಿಂತು ನೋಡುವ ತಾಳ್ಮೆ ಇದ್ದರೆ ಸಾಕು.

ಪ್ರಶ್ನೆ: ಟೀಮಿನಲ್ಲಿ ನಾನೊಬ್ಬಳೇ ಹೆಂಗಸು. ಗಂಡಸರ ಪ್ಯಾಟರ್ನನ್ನೇ ಚಿಕ್ಕದು ಮಾಡಿ ಬಣ್ಣ ಬದಲಿಸಿ ಮಹಿಳೆಯರದ್ದು ಅಂತಾರೆ. ನಾನು ಬಾಯಿ ಬಿಟ್ಟರೆ 'ಡೇಟಾ ಎಲ್ಲಿ?' ಅಂತಾರೆ.

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ. 1977ರಲ್ಲಿ ಲಿಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಅನ್ನುವ ಮೂವರು ಹೆಂಗಸರು ಗಂಡಸರು ಆಟಕ್ಕೆ ಹಾಕುವ ಜಾಕ್‌ಸ್ಟ್ರ್ಯಾಪ್ (ಆಸರೆ ಕೊಡುವ ಒಳ ಉಡುಪು) ಎರಡನ್ನು ಸೇರಿಸಿ ಹೊಲಿದು ಮೊದಲ ಸ್ಪೋರ್ಟ್ಸ್ ಬ್ರಾ ಮಾಡಿದರು. ಅದಕ್ಕೆ ಮುಂಚೆ ಹೆಂಗಸರು ಓಡುತ್ತಿರಲಿಲ್ಲವಾ? ವಿಂಬಲ್ಡನ್‌ನಲ್ಲಿ ಬಿಳಿ ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ಹಾಕಿಕೊಳ್ಳಲು ಆಟಗಾರ್ತಿಯರಿಗೆ ಅನುಮತಿ ಸಿಕ್ಕಿದ್ದೇ 2023ರ ಟೂರ್ನಿಯಿಂದ. ಮುಟ್ಟಿನ ದಿನಗಳ ಆತಂಕವನ್ನು ಬಾಯಿಬಿಟ್ಟು ಹೇಳಿದ ಮೇಲೆ.

ಡೇಟಾ ನಿಮ್ಮ ಆಫೀಸಿನಲ್ಲೇ ಇದೆ. ವಾಪಸ್ ಬಂದ ಮಾಲಿನ ಪಟ್ಟಿ ತೆಗೆದು ಸೈಜ್ ಪ್ರಕಾರ, ಕಾರಣದ ಪ್ರಕಾರ ವಿಂಗಡಿಸಿ. 'ಭುಜ ದೊಡ್ಡದು, ಸೊಂಟದ ಕೆಳಗೆ ಬಿಗಿ' ಅನ್ನುವ ಮಾತು ಎಷ್ಟು ಸಲ ಬಂದಿದೆ ಎಣಿಸಿ. ಜೊತೆಗೆ ಬೇರೆ ಬೇರೆ ಸೈಜಿನ ಹನ್ನೆರಡು ಹೆಂಗಸರಿಗೆ ಮೂರು ವಾರ ತೊಡಲು ಕೊಟ್ಟು ಒಂದೇ ನಮೂನೆಯ ಹಾಳೆ ತುಂಬಿಸಿಕೊಳ್ಳಿ.

ಪ್ರಶ್ನೆ: ನಾನು ಒಪ್ಪಿಗೆ ಕೊಟ್ಟ ಶಾರ್ಟ್ಸ್‌ನ ಸೊಂಟದ ಎಲಾಸ್ಟಿಕ್ ಒಗೆದ ಮೇಲೆ ಮಡಚಿಕೊಳ್ಳುತ್ತಿದೆ ಅಂತ ದೂರು ಬರುತ್ತಿದೆ. ಬಾಸ್‌ಗೆ ಇನ್ನೂ ಹೇಳಿಲ್ಲ.

ಉತ್ತರ: ಇವತ್ತೇ ಹೇಳಿ. ನಾನು ಮೂರು ದಿನ ಮುಚ್ಚಿಟ್ಟು ಕಲಿತ ಪಾಠ ಇದು. ಕೆಂಪು ಪಾಲಿಯೆಸ್ಟರ್ ಜರ್ಸಿ, ಬೆನ್ನ ಮೇಲೆ ಬಿಳಿ ನಂಬರ್. ಪ್ರಿಂಟ್ ಆದ ದಿನ ಹಾಲಿನಷ್ಟು ಬಿಳಿ ಇತ್ತು, ಒಪ್ಪಿಗೆ ಕೊಟ್ಟೆ. ಕೆಲವು ವಾರ ಬಿಟ್ಟು ಗೋದಾಮಿನಲ್ಲಿ ಡಬ್ಬಿ ಬಿಚ್ಚಿದರೆ ನಂಬರ್‌ಗಳೆಲ್ಲ ಗುಲಾಬಿ. ಪ್ರಿಂಟ್ ಒತ್ತುವ ಬಿಸಿಗೆ ಪಾಲಿಯೆಸ್ಟರ್‌ನ ಬಣ್ಣ ಸಡಿಲವಾಗಿ ಮೇಲಿನ ಬಿಳಿಗೆ ಏರುತ್ತದೆ, ಡಬ್ಬಿಯಲ್ಲಿದ್ದಾಗಲೂ ನಿಧಾನಕ್ಕೆ ಏರುತ್ತಲೇ ಇರುತ್ತದೆ. ಕಡಿಮೆ ಬಿಸಿಯ ಪ್ರಿಂಟ್, ನಡುವೆ ಬಣ್ಣ ತಡೆಯುವ ಒಂದು ಪದರ ಇದ್ದಿದ್ದರೆ ಉಳಿಯುತ್ತಿತ್ತು. ಒಂದು ಪೀಸನ್ನು ಬಿಸಿಯಲ್ಲಿಟ್ಟು ಕಾದು ನೋಡದೆ ಸಹಿ ಹಾಕಿದ್ದು ನನ್ನ ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಹೇಗೆ ಹೇಳಲಿ ಅಂತ ಹೆದರಿ ಕೂತ ಆ ಮೂರು ದಿನದಲ್ಲಿ ಇನ್ನೊಂದು ಲಾಟ್ ಅದೇ ಥರ ಪ್ರಿಂಟ್ ಆಗಿಹೋಯಿತು.

ನೀವು ಬಾಸ್ ಹತ್ತಿರ ಹೋಗುವ ಮುಂಚೆ ಒಂದು ಗಂಟೆ ಕೂತು ಲೆಕ್ಕ ಮಾಡಿ. ಎಷ್ಟು ಪೀಸ್ ಅಂಗಡಿಯಲ್ಲಿ, ಎಷ್ಟು ಗೋದಾಮಿನಲ್ಲಿ, ಎಷ್ಟು ಇನ್ನೂ ಹೊಲಿಗೆಯಲ್ಲಿ. ಹೊಲಿಗೆಯಲ್ಲಿರುವುದನ್ನು ತಕ್ಷಣ ನಿಲ್ಲಿಸಲು ಹೇಳಿ. ಪಟ್ಟಿಯ ಮಧ್ಯೆ ಇನ್ನೊಂದು ಸಾಲು ಹೊಲಿಗೆ ಬಿದ್ದರೆ ಎಲಾಸ್ಟಿಕ್ ಸಾಮಾನ್ಯವಾಗಿ ಮಡಚುವುದಿಲ್ಲ. ಹಾಗಾಗಿ ಗೋದಾಮಿನಿಂದ ಐದು ಪೀಸ್ ತರಿಸಿ, ಆ ಹೊಲಿಗೆ ಹಾಕಿಸಿ, ಇವತ್ತು ರಾತ್ರಿಯೇ ಒಗೆಯಲು ಹಾಕಿ.