ಓಪನ್ ಸೋರ್ಸ್‌ಗೆ ಕೈ ಹಾಕಬೇಕು, ಕೋಡಿಂಗ್ ಅಷ್ಟಾಗಿ ಬರಲ್ಲ. ಎಲ್ಲಿಂದ ಶುರು ಮಾಡಲಿ?

ಬಿಸಿಎ ಎರಡನೇ ವರ್ಷ, ಸಿ ಮತ್ತು ಜಾವಾ ಸ್ವಲ್ಪ ಬರುತ್ತದೆ, 8 ಜಿಬಿ ಲ್ಯಾಪ್‌ಟಾಪ್ ಇದೆ ಅಂತ ಬರೆದಿದ್ದೀರಿ. ಕೋಡ್ ಇಟ್ಟು ಹಂಚಿಕೊಳ್ಳೋ ತಾಣವಾದ ಗಿಟ್‌ಹಬ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ಅಂತ ಗುರುತು ಹಾಕಿದ ಕೆಲಸ) ಹುಡುಕಿದಾಗಲೆಲ್ಲ ಅಲ್ಲಿ ಯಾರೋ ಆಗಲೇ ‘ನನಗೆ ಅಸೈನ್ ಮಾಡಿ’ ಅಂತ ಕಾಯುತ್ತಿರುತ್ತಾರೆ ಅನ್ನೋದು ನಿಮ್ಮ ಗೋಳು. ಆ ಸಾಲಿನಲ್ಲಿ ನಿಲ್ಲೋದನ್ನೇ ಬಿಡಿ. ದಿನಾ ಬಳಸೋ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರೋ) ಸಾಫ್ಟ್‌ವೇರ್ ಹಿಡಿದುಕೊಂಡು, ಅದರ ಬಗ್ ರಿಪೋರ್ಟ್‌ಗಳಿಂದ, ಅಂದರೆ ದೋಷದ ದೂರುಗಳಿಂದ ಶುರು ಮಾಡಿ.

ಹಾಗಂತ ಪ್ರಾಜೆಕ್ಟ್‌ನ ಪರಿಚಯ ಇರೋ ರೀಡ್‌ಮಿ ಫೈಲಿನಲ್ಲಿ ಸುಮ್ನೆ ಒಂದು ಪದ ಸೇರಿಸಿ ಪುಲ್ ರಿಕ್ವೆಸ್ಟ್ (‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಅನ್ನೋ ಕೋರಿಕೆ) ಕಳಿಸಬೇಡಿ. ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯೋ ಅಕ್ಟೋಬರ್ ಕಾರ್ಯಕ್ರಮವಾದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ 4 ಪುಲ್ ರಿಕ್ವೆಸ್ಟ್‌ಗೆ ಒಂದು ಟೀ ಶರ್ಟ್ ಅಂದಿದ್ದೇ ತಡ, ಇಂಥ ಕಸ ರಾಶಿ ಬಿತ್ತು. ಕೊನೆಗೆ ಆಯೋಜಕರು, ‘ನಮಗೆ ಬೇಕು’ ಅಂತ ತಾವೇ ಹೇಳಿದ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತಗೋಬೇಕಾಯಿತು.

ನಾನು ಶುರು ಮಾಡಿದ್ದು ಲಿಬ್ರೆಆಫೀಸ್‌ನಿಂದ (ವರ್ಡ್, ಎಕ್ಸೆಲ್ ಥರದ ಉಚಿತ ಆಫೀಸ್ ಸಾಫ್ಟ್‌ವೇರ್), ಹಾಗಾಗಿ ಅದರ ಬಗ್ಗೆಯೇ ಹೇಳುತ್ತೇನೆ. ದೋಷಗಳನ್ನು ದಾಖಲಿಸೋ ಅವರ ತಾಣವಾದ ಬಗ್‌ಜಿಲ್ಲಾಗೆ ಬರೋ ಹೊಸ ದೂರುಗಳು ‘ಅನ್‌ಕನ್ಫರ್ಮ್ಡ್’ ಅಂತ ಕೂತಿರುತ್ತವೆ. ಬೇರೆ ಯಾರಾದರೂ ತಮ್ಮ ಕಂಪ್ಯೂಟರಿನಲ್ಲಿ ಮಾಡಿ ನೋಡಿ ‘ಹೌದು, ನನಗೂ ಹೀಗೇ ಆಗುತ್ತಿದೆ’ ಅಂದಮೇಲೆ ‘ನ್ಯೂ’ ಆಗುತ್ತವೆ. ಈ ಕೆಲಸಕ್ಕೆ ಒಂದು ಸಾಲು ಕೋಡೂ ಬೇಡ. ಆದರೆ ಜನ ಯಾವಾಗಲೂ ಕಡಿಮೆ.

ಅದರಲ್ಲೂ ಕನ್ನಡದ ತೊಂದರೆಗಳನ್ನು ನಾವಲ್ಲದೆ ಇನ್ಯಾರು ನೋಡಬೇಕು, ಅಲ್ವಾ? ಒಂದು ಸಣ್ಣ ಪರೀಕ್ಷೆ ಮಾಡಿ. ‘ಸಾಫ್ಟ್‌ವೇರ್’ ಅಂತ ಟೈಪ್ ಮಾಡಿ. ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಝೀರೋ ವಿಡ್ತ್ ನಾನ್ ಜಾಯ್ನರ್. ಅದು ಇಲ್ಲದಿದ್ದರೆ ವ ಒತ್ತಾಗಿ ‘ಸಾಫ್ಟ್ವೇರ್’ ಅಂತ ಆಗುತ್ತದೆ. ಈಗ ಒಂದು ರೂಪ ಕೊಟ್ಟು ಇನ್ನೊಂದನ್ನು ಹುಡುಕಿ, ಸಿಗುತ್ತದಾ ನೋಡಿ. ‘ರ‍್ಯಾಂಕ್’ ಪದದ ಮಧ್ಯೆ ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಪಿಡಿಎಫ್ ಮಾಡಿ, ಅದರಿಂದ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ. ಏನಾದರೊಂದು ಸಿಕ್ಕೇ ಸಿಗುತ್ತದೆ.

ಒತ್ತಕ್ಷರ ತಪ್ಪಾಗಿ ಕಂಡರೆ ತಕ್ಷಣ ಲಿಬ್ರೆಆಫೀಸನ್ನು ಬೈಯಬೇಡಿ. ಅಕ್ಷರ ಜೋಡಿಸೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರಲ್ಲೂ ಅದೇ ಇದೆ. ಅದೇ ಫಾಂಟ್‌ನಲ್ಲಿ ಫೈರ್‌ಫಾಕ್ಸ್‌ನಲ್ಲೂ ತಪ್ಪಾಗಿ ಕಂಡರೆ ತಪ್ಪು ಬಹುಶಃ ಫಾಂಟಿನದು ಅಥವಾ ಹಾರ್ಫ್‌ಬಜ್‌ನದು. ದೂರು ಅಲ್ಲಿಗೆ ಹೋಗಬೇಕು.

‘ಕನ್ನಡ ಸರಿಯಾಗಿ ಬರಲ್ಲ, ದಯವಿಟ್ಟು ಸರಿ ಮಾಡಿ’ ಅಂತ ಬರೆದರೆ ಪ್ರಯೋಜನ ಇಲ್ಲ. ಓದೋ ಡೆವಲಪರ್‌ಗೆ ಒತ್ತು ಅಂದರೇನು ಅಂತಲೇ ಗೊತ್ತಿರಲ್ಲ. ವರ್ಷನ್, ಆಪರೇಟಿಂಗ್ ಸಿಸ್ಟಮ್, ಫಾಂಟಿನ ಹೆಸರು ಕೊಡಿ. ಏನು ಒತ್ತಿದಾಗ ಏನಾಯಿತು ಅಂತ ಕ್ರಮವಾಗಿ ಬರೆಯಿರಿ. ಆ ಒಂದೇ ಪದ ಇರೋ ಪುಟ್ಟ ಫೈಲ್ ಸೇರಿಸಿ. ಹೇಗೆ ಕಾಣಬೇಕಿತ್ತು ಅನ್ನೋದಕ್ಕೂ ಒಂದು ಚಿತ್ರ ಇರಲಿ.

ನನಗೆ ಜಾಸ್ತಿ ಇಷ್ಟವಾದ ಕೆಲಸ ಬೈಬಿಸೆಕ್ಟ್. ಹಳೇ ವರ್ಷನ್‌ನಲ್ಲಿ ಸರಿ ಇದ್ದದ್ದು ಹೊಸದರಲ್ಲಿ ಕೆಟ್ಟಿದೆ ಅಂದುಕೊಳ್ಳಿ. ನಡುವಿನ ಬಿಲ್ಡ್‌ಗಳನ್ನೆಲ್ಲ (ಹಾಗೇ ಓಡಿಸಬಹುದಾದ ಪ್ರತಿಗಳು) ಅವರೇ ಸಿದ್ಧ ಮಾಡಿ ಗಿಟ್ ರೆಪೊದಲ್ಲಿ, ಅಂದರೆ ಪ್ರತಿ ಬದಲಾವಣೆಯ ದಾಖಲೆ ಇರೋ ಸಂಗ್ರಹದಲ್ಲಿ ಇಟ್ಟಿರುತ್ತಾರೆ. ಸರಿಯಾಗಿ ಮಧ್ಯದ್ದನ್ನು ಓಡಿಸಿ, ಸರಿ ಇದೆಯೋ ಕೆಟ್ಟಿದೆಯೋ ಹೇಳಿ, ಮತ್ತೆ ಉಳಿದ ಅರ್ಧದ ಮಧ್ಯಕ್ಕೆ ಹೋಗಿ. ಸಾವಿರ ಬಿಲ್ಡ್ ಇದ್ದರೂ ಸುಮಾರು ಹತ್ತು ಸಲಕ್ಕೆ ಅಪರಾಧಿ ಸಿಕ್ಕಿಬೀಳುತ್ತಾನೆ. ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ತೋರಿಸಿದರೆ ಅದನ್ನು ಬರೆದವರೇ ಬಂದು ನೋಡೋ ಸಾಧ್ಯತೆ ಜಾಸ್ತಿ. ಡೌನ್‌ಲೋಡ್ ಮಾತ್ರ ದೊಡ್ಡದು, ಕಾಲೇಜಿನ ವೈಫೈ ಹುಡುಕಿಕೊಳ್ಳಿ.

ಕೋಡ್ ಮುಟ್ಟೋ ಧೈರ್ಯ ಬಂದಾಗ ಬಗ್‌ಜಿಲ್ಲಾದಲ್ಲೇ ‘ಈಸಿಹ್ಯಾಕ್’ (ಹೊಸಬರಿಗೆ ಸುಲಭದ ಕೆಲಸ) ಅಂತ ಗುರುತು ಹಾಕಿದವನ್ನು ನೋಡಿ. ಹೆಚ್ಚಿನದು ಸಿ ಪ್ಲಸ್ ಪ್ಲಸ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೊದಲ ಬಿಲ್ಡ್‌ಗೆ, ಅಂದರೆ ಕೋಡಿನಿಂದ ಓಡೋ ಸಾಫ್ಟ್‌ವೇರ್ ತಯಾರಿಸೋಕೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ನಿಮ್ಮ ಕೋಡನ್ನು ಅವರ ಲೈಸೆನ್ಸ್‌ನಲ್ಲಿ ಬಳಸಬಹುದು ಅಂತ ಒಂದು ಸಲ ಇಮೇಲ್ ಕಳಿಸಬೇಕು. ಪ್ಯಾಚ್ (ನಿಮ್ಮ ಬದಲಾವಣೆ) ಹೋಗೋದು ಗಿಟ್‌ಹಬ್‌ಗಲ್ಲ, ಕೋಡ್ ಪರಿಶೀಲಿಸೋ ತಾಣವಾದ ಗೆರಿಟ್‌ಗೆ. ಅಲ್ಲಿ ಮೈನಸ್ ಒನ್ (‘ಇನ್ನೂ ತಿದ್ದಬೇಕು’ ಅನ್ನೋ ಅಂಕ) ಬಿದ್ದರೆ ಹೊಸ ಕಮಿಟ್, ಅಂದರೆ ಗಿಟ್‌ನಲ್ಲಿ ಬದಲಾವಣೆಯ ಹೊಸ ದಾಖಲೆ ಮಾಡಬೇಡಿ. ಅದೇ ಕಮಿಟ್ ಅನ್ನು ಅಮೆಂಡ್ ಮಾಡಿ (ತಿದ್ದಿ) ಮತ್ತೆ ಕಳಿಸಿ.