ಮಳೆಗಾಲದ ನಂತರ ಬಳಚು ಏಕೆ ಕಡಿಮೆ?

ಪ್ರಶ್ನೆ: ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬೇಸಿಗೆಯಲ್ಲಿ ಸಿಗುವಷ್ಟು ಬಳಚು (ಕೆಸರಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ) ಮಳೆಗಾಲ ಮುಗಿದಾಗ ಏಕೆ ಸಿಗುವುದಿಲ್ಲ? ಎಣಿಸುವುದು ಹೇಗೆ?

ಉತ್ತರ: ಮುಖ್ಯವಾಗಿ ಉಪ್ಪು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು; ನೆರೆ ಬಂದಾಗ ಅಳಿವೆಯ ನೀರು ಬಹುತೇಕ ಸಿಹಿ. ಬಳಚು ಚಿಪ್ಪು ಮುಚ್ಚಿಕೊಂಡು ಕೆಲವು ದಿನ ತಡೆಯುತ್ತದೆ, ನೆರೆ ಇಳಿಯದಿದ್ದರೆ ಸಾಯುತ್ತದೆ. ಉಪ್ಪು ಮರಳಿದ ಮೇಲೆ ಹೊಸ ಮರಿಗಳು ನೆಲೆಸಿ ಬೆಳೆಯಬೇಕು. ಮಣ್ಣೂ ನೋಡಿ: ಅಗೆದಾಗ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು ಬಂದರೆ ಅಲ್ಲಿ ಆಮ್ಲಜನಕವಿಲ್ಲ, ಬಳಚಿಗಿಂತ ಹುಳುಗಳೇ ಹೆಚ್ಚು.

ಎಣಿಸಲು ಇಳಿತದ ವೇಳೆ 25 ಸೆಂ.ಮೀ. ಚೌಕವನ್ನು 15 ಸೆಂ.ಮೀ. ಆಳಕ್ಕೆ ಅಗೆದು, ಅರ್ಧ ಮಿ.ಮೀ. ಜರಡಿಯಲ್ಲಿ ಅಳಿವೆಯ ನೀರಿನಿಂದಲೇ ತೊಳೆಯಿರಿ. ನಲ್ಲಿ ನೀರು ಬೇಡ, ಹುಳುಗಳು ಉಬ್ಬಿ ಒಡೆಯುತ್ತವೆ. ಸಂಖ್ಯೆಯನ್ನು 16ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಒಂದೇ ಚೌಕ ನಂಬಬೇಡಿ, ಕನಿಷ್ಠ 5 ಬೇಕು.